ಎಸ್ಟೀಮ್‌ಗೆ ಯಾವ ಇಂಟೇಕ್ ಮ್ಯಾನಿಫೋಲ್ಡ್? ಮೊದಲು ಆರ್‌ಪಿಎಂ ಲೆಕ್ಕ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಾನು ದಾವಣಗೆರೆ ವಿದ್ಯಾನಗರದವನು. ನನ್ನ ಹತ್ತಿರ 2003ರ ಮಾರುತಿ ಎಸ್ಟೀಮ್ ಇದೆ. 1.3 ಲೀಟರ್, 16 ವಾಲ್ವ್ ಇಂಜಿನ್. ಹೊಗೆ ಹೋಗಲು 4-2-1 ಹೆಡ್ಡರ್ ಪೈಪ್, ವಾಲ್ವ್ ತೆರೆಯುವ ಮೈಲ್ಡ್ ಕ್ಯಾಮ್, ಇಂಜಿನ್ ನಿಯಂತ್ರಿಸುವ ಸ್ಟ್ಯಾಂಡ್‌ಅಲೋನ್ ಇಸಿಯು ಹಾಕಿಸಿದ್ದೇನೆ. ರೆವ್ ಲಿಮಿಟ್ 7,000 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಸುತ್ತು). ಕೆಲಸಕ್ಕೆ ಅಂತ ವಾರಕ್ಕೆ ಎರಡು ಮೂರು ಸಲ ಚಿತ್ರದುರ್ಗಕ್ಕೆ ಇದೇ ಕಾರಿನಲ್ಲಿ ಹೋಗಿ ಬರುತ್ತೇನೆ. ವರ್ಷಕ್ಕೊಮ್ಮೆ ಟೈಮ್ ಟ್ರಯಲ್‌ಗೆ ಇಳಿಸುವ ಆಸೆಯೂ ಇದೆ. 5,500 ದಾಟಿದರೆ ಇಂಜಿನ್‌ಗೆ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಇಂಜಿನ್ನಿಗೆ ಗಾಳಿ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡ್ ಬದಲಿಸು ಅಂತ ಎಲ್ಲರೂ ಹೇಳುತ್ತಿದ್ದಾರೆ. ಮೂರು ದಾರಿ ಕಾಣುತ್ತಿವೆ. ಒಂದು, ಹೊರದೇಶದಿಂದ ತರಿಸುವ ಶಾರ್ಟ್ ರನ್ನರ್ ಮ್ಯಾನಿಫೋಲ್ಡ್. ಅದರ ರನ್ನರ್ (ಒಂದೊಂದು ಸಿಲಿಂಡರಿಗೆ ಹೋಗುವ ಕೊಳವೆ) 150 ಮಿ.ಮೀ. ಉದ್ದ, ಒಳಗಿನ ಅಗಲ 44 ಮಿ.ಮೀ. ಎರಡು, 600 ಸಿಸಿ ಬೈಕಿನ ನಾಲ್ಕು ಥ್ರಾಟಲ್ ಬಾಡಿ (ಪೆಡಲ್ ಒತ್ತಿದಾಗ ಗಾಳಿಗೆ ದಾರಿ ತೆರೆಯುವ ಭಾಗ). ಮೂರು, ಹರಿಹರದಲ್ಲಿ ಒಬ್ಬರು ನಾನೇ ಮಾಡಿಕೊಡುತ್ತೇನೆ ಅಂದಿದ್ದಾರೆ. ಯಾವುದು ಆರಿಸಲಿ? ಹಾಗೇ ಇನ್ನೊಂದು: ಥ್ರಾಟಲ್ ಬಾಡಿಗೆ ಹೋಗುವ ಕೂಲೆಂಟ್ ಪೈಪ್ ಬೈಪಾಸ್ ಮಾಡಬಹುದಾ?

ಉತ್ತರ: ಮೂರರಲ್ಲಿ ಮೊದಲನೆಯದು ನಿಮಗೆ ಬೇಡ. ಎರಡನೆಯದು ಈಗ ಬೇಡ. ಮೂರನೆಯದು ಬೇಕಾಗಬಹುದು. ಆದರೆ ಹರಿಹರಕ್ಕೆ ಹೋಗಿ ಅಡ್ವಾನ್ಸ್ ಕೊಡುವ ಮುಂಚೆ ನೀವೇ ನೋಡಬೇಕಾದ ಕೆಲಸ ಸ್ವಲ್ಪ ಇದೆ.

ನಿಮ್ಮ ಪ್ರಶ್ನೆಯಲ್ಲೇ ಒಂದು ಸುಳಿವಿದೆ, ಗಮನಿಸಿ. ಎಸ್ಟೀಮಿನ ಈ ಇಂಜಿನ್ ಕಂಪನಿಯಿಂದ ಬಂದ ಹಾಗೆಯೇ 85 ಎಚ್‌ಪಿ ಕೊಡುತ್ತದೆ, ಅದೂ 6,000 ಆರ್‌ಪಿಎಂನಲ್ಲಿ. ಟಾರ್ಕ್, ಅಂದರೆ ತಿರುಗಿಸುವ ಬಲ, ಎಲ್ಲಕ್ಕಿಂತ ಜಾಸ್ತಿ ಇರುವುದು 4,500ರ ಹತ್ತಿರ. ಅಂದರೆ ಕಂಪನಿ ಕ್ಯಾಮ್, ಕಂಪನಿ ಮ್ಯಾನಿಫೋಲ್ಡ್ ಇದ್ದಾಗಲೇ ಅದು 6,000ದ ತನಕ ಎಳೆಯುತ್ತಿತ್ತು. ನೀವು ಕ್ಯಾಮ್ ಬದಲಿಸಿದ್ದೀರಿ, ಹೆಡ್ಡರ್ ಹಾಕಿಸಿದ್ದೀರಿ. ಈಗ ಅದು ಇನ್ನೂ ಮೇಲಕ್ಕೆ ಹೋಗಬೇಕಿತ್ತು. ಹೋಗುವ ಬದಲು 5,500ಕ್ಕೇ ಸುಸ್ತಾಗುತ್ತಿದೆ. ಮೊದಲು 6,000ಕ್ಕೆ ಸಾಕಾಗುತ್ತಿದ್ದ ಮ್ಯಾನಿಫೋಲ್ಡ್ ಈಗ ಯಾಕೆ ಸಾಲುತ್ತಿಲ್ಲ? ಅದೇನು ಒಳಗೊಳಗೇ ಕಿರಿದಾಗುವ ವಸ್ತು ಅಲ್ಲವಲ್ಲ. ತಪ್ಪು ಬೇರೆ ಎಲ್ಲೋ ಇದೆ ಅನ್ನುವುದೇ ನನ್ನ ಮೊದಲ ಅನುಮಾನ.

ಅದನ್ನು ಹುಡುಕುವ ಸಾಧನ ನಿಮ್ಮ ಹತ್ತಿರವೇ ಇದೆ. ಸ್ಟ್ಯಾಂಡ್‌ಅಲೋನ್ ಇಸಿಯು ಇದ್ದರೆ ಮ್ಯಾಪ್ ಸೆನ್ಸರ್ ಏನು ಹೇಳುತ್ತಿದೆ ಅಂತ ಲ್ಯಾಪ್‌ಟಾಪಿನಲ್ಲೇ ನೋಡಬಹುದು. ಮ್ಯಾನಿಫೋಲ್ಡ್ ಒಳಗಿನ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಅದು. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಹಾಗಾಗಿ 94 ಕಿಲೋಪ್ಯಾಸ್ಕಲ್ ಆಸುಪಾಸು ತೋರಿಸಬೇಕು. ಚಿತ್ರದುರ್ಗ ಇನ್ನೂ ಎತ್ತರ, 730 ಮೀಟರ್ ಹತ್ತಿರ. ಅಲ್ಲಿ 93ರ ಸುತ್ತಮುತ್ತ ಬರುತ್ತದೆ. ನಿಮ್ಮ ಸ್ಕ್ರೀನಿನಲ್ಲಿ 101 ಅಂತ ಬಂದರೆ ಸೆನ್ಸರ್ ಸೆಟ್ಟಿಂಗೇ ತಪ್ಪು. ಅದನ್ನು ಸರಿ ಮಾಡದೆ ಮುಂದೆ ಹೋಗಬೇಡಿ. ಅದರ ಮೇಲೆ ಕಟ್ಟಿದ ಪೆಟ್ರೋಲ್ ಲೆಕ್ಕವೆಲ್ಲ ವಾಲಿಕೊಂಡಿರುತ್ತದೆ.

ಸೆನ್ಸರ್ ಸರಿ ಇದ್ದರೆ, ಖಾಲಿ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ 3,000ದಿಂದ 6,500ರ ತನಕ ಪೂರ್ತಿ ಆಕ್ಸಿಲರೇಟರ್ ಒತ್ತಿ ಲಾಗ್ ಮಾಡಿ. ಎರಡನೇ ಗೇರ್ ಸಾಕು. ವೇಗ ಹೆದ್ದಾರಿಯ ಮಿತಿಯೊಳಗೇ ಇರುತ್ತದೆ, ಬೇಕಾದ ಅಂಕಿಯೂ ಸಿಗುತ್ತದೆ. ಲ್ಯಾಪ್‌ಟಾಪ್ ನೋಡಲು ಪಕ್ಕದಲ್ಲಿ ಒಬ್ಬರು ಇರಲಿ, ನೀವು ರಸ್ತೆ ನೋಡಿ.

6,000ದಲ್ಲಿ ಮ್ಯಾಪ್ 92 ಅಥವಾ 93 ತೋರಿಸಿದರೆ ಫಿಲ್ಟರ್, ಗಾಳಿ ಪೈಪ್, ಥ್ರಾಟಲ್ ಬಾಡಿ ಮೂರೂ ಗಾಳಿ ತಡೆಯುತ್ತಿಲ್ಲ ಅಂತ ಅರ್ಥ. ಆಗ ದೊಡ್ಡ ಥ್ರಾಟಲ್ ಬಾಡಿ ಹಾಕಿದರೆ ಶಕ್ತಿ ಬರುವುದಿಲ್ಲ. ಪೆಡಲ್ ಸ್ವಲ್ಪ ಮುಟ್ಟಿದರೇ ಕಾರು ನೆಗೆಯುತ್ತದೆ, ಅದನ್ನೇ ಜನ ಪಿಕಪ್ ಜಾಸ್ತಿ ಆಯ್ತು ಅಂದುಕೊಳ್ಳುತ್ತಾರೆ. ಮ್ಯಾಪ್ 88ಕ್ಕೋ ಅದಕ್ಕಿಂತ ಕೆಳಗೋ ಇಳಿದರೆ ಮಾತ್ರ ಥ್ರಾಟಲ್ ಬಾಡಿಯಿಂದ ಮುಂದಕ್ಕೆ, ಅಂದರೆ ಫಿಲ್ಟರ್ ಕಡೆಗೆ ಎಲ್ಲೋ ಅಡ್ಡಿ ಇದೆ. ಫಿಲ್ಟರ್ ಕಟ್ಟಿರಬಹುದು, ರಬ್ಬರ್ ಪೈಪ್ ಒಳಕ್ಕೆ ಕುಗ್ಗುತ್ತಿರಬಹುದು. ಎಷ್ಟೋ ಸಲ ಆಕ್ಸಿಲರೇಟರ್ ಕೇಬಲ್ ಸಡಿಲ ಆಗಿ ಥ್ರಾಟಲ್ ಪೂರ್ತಿ ತೆರೆಯುವುದೇ ಇಲ್ಲ. ಒಬ್ಬರಿಗೆ ಪೆಡಲ್ ಒತ್ತಿ ಹಿಡಿಯಲು ಹೇಳಿ, ಬಾನೆಟ್ ಎತ್ತಿ ನೀವೇ ಕಣ್ಣಾರೆ ನೋಡಿ. ಪೆಡಲ್ ಕೆಳಗಿನ ದಪ್ಪ ಮ್ಯಾಟ್ ಕೂಡ ಈ ಕೆಲಸ ಮಾಡುತ್ತದೆ!

ಮ್ಯಾಪ್ ಚೆನ್ನಾಗಿದ್ದರೆ ಹುಡುಕಾಟ ಇನ್ನೊಂದು ಕಡೆ. ಈ ಇಂಜಿನ್ನಿಗೆ ಟೈಮಿಂಗ್ ಬೆಲ್ಟ್. ಕ್ಯಾಮ್ ಹಾಕುವಾಗ ಬೆಲ್ಟ್ ಒಂದು ಹಲ್ಲು ಮುಂದೆ ಕೂತಿದ್ದರೆ ಕಾರು ಕೆಳಗೆ ಚೆನ್ನಾಗಿ ಎಳೆದು ಮೇಲೆ ಸತ್ತುಹೋಗುತ್ತದೆ. ನೀವು ಹೇಳುತ್ತಿರುವ ಲಕ್ಷಣ ಹೆಚ್ಚುಕಡಿಮೆ ಅದೇ. ನಾನಾಗಿದ್ದರೆ ಮೊದಲು ಬೆಲ್ಟ್ ಕವರ್ ಬಿಚ್ಚಿ ಗುರುತು ನೋಡುತ್ತಿದ್ದೆ. ಆಮೇಲೆ ಸೈಲೆನ್ಸರ್ ಕಡೆ ಬನ್ನಿ. ಹೆಡ್ಡರ್ ಹೊಸದು, ಅದರ ಹಿಂದಿನ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಪ್ಪತ್ತು ವರ್ಷ ಹಳೆಯದು. ಒಳಗಿನ ಜೇನುಗೂಡು ಕರಗಿ ಮುಚ್ಚಿಕೊಂಡಿದ್ದರೆ ಹೊಗೆ ಹೋಗಲು ಜಾಗವಿಲ್ಲ. ಹಳೆ ಹೊಗೆ ಹೋಗದೆ ಹೊಸ ಗಾಳಿ ಎಲ್ಲಿಂದ ಬರಬೇಕು? ಆಕ್ಸಿಜನ್ ಸೆನ್ಸರ್ ಬಿಚ್ಚಿ ಅದೇ ತೂತಿಗೆ ಪ್ರೆಶರ್ ಗೇಜ್ ಹಾಕಿದರೆ ಗೊತ್ತಾಗುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಪೆಟ್ರೋಲ್ ಸಾಲುತ್ತಿದೆಯಾ ಅನ್ನುವುದನ್ನೂ, ಗಾಳಿ-ಪೆಟ್ರೋಲ್ ಪ್ರಮಾಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರಿನಲ್ಲಿ ನೋಡಿಬಿಡಿ. ಹಳೆ ಫ್ಯುಯೆಲ್ ಪಂಪ್ ಅಲ್ಲೇ ಕೈಕೊಡುವುದು.

ಇಷ್ಟೆಲ್ಲ ಸರಿ ಇದೆ, ಕಾರು 6,300ರ ತನಕ ಚೆನ್ನಾಗಿ ಎಳೆಯುತ್ತಿದೆ, ಆದರೂ ಇನ್ನೂ ಬೇಕು ಅನಿಸುತ್ತಿದೆ ಅಂದುಕೊಳ್ಳೋಣ. ಈಗ ಮ್ಯಾನಿಫೋಲ್ಡ್ ಮಾತಿಗೆ ಅರ್ಥ ಬರುತ್ತದೆ.

ಮ್ಯಾನಿಫೋಲ್ಡ್ ಅಂದರೆ ಗಾಳಿ ಹೋಗುವ ಕೊಳವೆ ಅಷ್ಟೇ, ದೊಡ್ಡದಾದಷ್ಟೂ ಒಳ್ಳೆಯದು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿದ್ದಿದ್ದರೆ ಕಂಪನಿಯವರು ಅಷ್ಟುದ್ದದ ಬಾಗಿದ ರನ್ನರ್ ಯಾಕೆ ಎರಕ ಹೊಯ್ಯುತ್ತಿದ್ದರು? ಒಳಗೆ ನಡೆಯುವುದು ಬೇರೆ. ಪಿಸ್ಟನ್ ಕೆಳಗೆ ಇಳಿಯುವಾಗ ಗಾಳಿಯನ್ನು ಜಗ್ಗುತ್ತದೆ. ಆ ಜಗ್ಗುವಿಕೆ ಒಂದು ಒತ್ತಡದ ಅಲೆಯಾಗಿ ರನ್ನರಿನಲ್ಲಿ ಹಿಂದಕ್ಕೆ ಓಡುತ್ತದೆ. ಓಡುವುದು ಶಬ್ದದ ವೇಗದಲ್ಲಿ. 40 ಡಿಗ್ರಿ ಬಿಸಿಲಿನಲ್ಲಿ ಅದು ಸೆಕೆಂಡಿಗೆ ಸುಮಾರು 355 ಮೀಟರ್. ಚಿತ್ರದುರ್ಗದ ಕೋಟೆಯಲ್ಲಿ ಕೂಗಿದರೆ ಬಂಡೆಗೆ ಬಡಿದು ದನಿ ವಾಪಸ್ ಬರುತ್ತದಲ್ಲ, ಇಲ್ಲೂ ಅಲೆ, ರನ್ನರುಗಳೆಲ್ಲ ಸೇರುವ ಪ್ಲೀನಮ್ ಡಬ್ಬಿಯ ಬಾಯಿಗೆ ಹೋಗಿ ವಾಪಸ್ ಬರುತ್ತದೆ. ಒಂದೇ ವ್ಯತ್ಯಾಸ, ತೆರೆದ ಬಾಯಿಯಲ್ಲಿ ಅದು ತಿರುಗುಮುರುಗಾಗುತ್ತದೆ. ಜಗ್ಗುವ ಅಲೆಯಾಗಿ ಹೋದದ್ದು ತಳ್ಳುವ ಅಲೆಯಾಗಿ ಮರಳುತ್ತದೆ. ಇನ್‌ಟೇಕ್ ವಾಲ್ವ್ ಮುಚ್ಚುವ ಸ್ವಲ್ಪ ಮುಂಚೆ ಅದು ಬಂದು ತಲುಪಿದರೆ ಇನ್ನೊಂದಿಷ್ಟು ಗಾಳಿ ಸಿಲಿಂಡರ್ ಒಳಗೆ ನುಗ್ಗುತ್ತದೆ. ಬೇಗ ಬಂದರೂ ತಡವಾಗಿ ಬಂದರೂ ಪ್ರಯೋಜನ ಕಡಿಮೆ, ಕೆಲವೊಮ್ಮೆ ನಷ್ಟವೂ ಆಗುತ್ತದೆ.

ಅಲೆಯ ವೇಗ ಬದಲಾಗುವುದಿಲ್ಲ, ಇಂಜಿನ್ ವೇಗ ಬದಲಾಗುತ್ತದೆ. ಹಾಗಾಗಿ ಒಂದು ಉದ್ದ ಒಂದು ಆರ್‌ಪಿಎಂ ಸುತ್ತಲೇ ಚೆನ್ನಾಗಿ ಕೆಲಸ ಮಾಡುತ್ತದೆ. ಉದ್ದ ಜಾಸ್ತಿ ಇದ್ದರೆ ಅಲೆ ತಡವಾಗಿ ಬರುತ್ತದೆ, ಅದು ನಿಧಾನಕ್ಕೆ ತಿರುಗುವ ಇಂಜಿನ್ನಿಗೆ ಹೊಂದುತ್ತದೆ. ಗಿಡ್ಡ ಇದ್ದರೆ ಮೇಲಿನ ಆರ್‌ಪಿಎಂಗೆ.

ಲೆಕ್ಕಕ್ಕೆ ಒಂದು ಹಳೆಯ ಸೂತ್ರ ಇದೆ. ಟಾರ್ಕ್ 10,000 ಆರ್‌ಪಿಎಂನಲ್ಲಿ ಬೇಕಾದರೆ ಉದ್ದ 178 ಮಿ.ಮೀ. ಅದರಿಂದ ಪ್ರತಿ 1,000 ಆರ್‌ಪಿಎಂ ಇಳಿದಾಗ 43 ಮಿ.ಮೀ. ಸೇರಿಸುತ್ತಾ ಹೋಗಿ. ಉದ್ದವನ್ನು ಅಳೆಯಬೇಕಾದದ್ದು ವಾಲ್ವ್‌ನಿಂದ ಪ್ಲೀನಮ್ ಬಾಯಿಯ ತನಕ. ಹೆಡ್ (ಸಿಲಿಂಡರ್ ಮೇಲಿನ, ವಾಲ್ವ್ ಇರುವ ಭಾಗ) ಒಳಗಿನ ಗಾಳಿದಾರಿ, ಅಂದರೆ ಪೋರ್ಟ್ ಕೂಡ ಇದರಲ್ಲಿ ಸೇರುತ್ತದೆ, ಅದನ್ನು ಬಿಟ್ಟು ಲೆಕ್ಕ ಹಾಕುವವರೇ ಜಾಸ್ತಿ. 4,500ಕ್ಕೆ ಈ ಸೂತ್ರದಲ್ಲಿ ಸುಮಾರು 415 ಮಿ.ಮೀ. ಬರುತ್ತದೆ.        

ಈಗ ಆ ಹೊರದೇಶದ ಶಾರ್ಟ್ ರನ್ನರ್‌ಗೆ ಇದೇ ಲೆಕ್ಕ ಹಾಕಿ. ರನ್ನರ್ 150 ಮಿ.ಮೀ., ಹೆಡ್ ಒಳಗಿನ ಪೋರ್ಟ್ 90 ಅಂತ ಹಿಡಿದರೆ ಒಟ್ಟು 240. ಸೂತ್ರದ ಪ್ರಕಾರ ಅದು ಕೆಲಸ ಮಾಡುವುದು 8,500 ಆರ್‌ಪಿಎಂ ಸುತ್ತ. ನಿಮ್ಮ ರೆವ್ ಲಿಮಿಟ್ 7,000! ದುಡ್ಡು ಕೊಟ್ಟು ಕೊಂಡ ಲಾಭ ನಿಮ್ಮ ಟ್ಯಾಕೋಮೀಟರಿನ ಕೆಂಪು ಗೆರೆಯ ಆಚೆ ಇರುತ್ತದೆ. ಕೆಳಗೆ ಕಳೆದುಕೊಳ್ಳುವುದು ಮಾತ್ರ ದಿನಾ ಅನುಭವಕ್ಕೆ ಬರುತ್ತದೆ.

ಅಗಲದ ಕಥೆ ಇನ್ನೂ ಕೆಟ್ಟದು. ನಿಮ್ಮ ಇಂಜಿನ್ನಿನ ಬೋರ್ (ಸಿಲಿಂಡರ್ ಅಗಲ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಟದ ಉದ್ದ) 75.5. ಪಿಸ್ಟನ್ ಸರಾಸರಿ ವೇಗ 6,500 ಆರ್‌ಪಿಎಂನಲ್ಲಿ ಸೆಕೆಂಡಿಗೆ 16.4 ಮೀಟರ್. ಇದನ್ನು ಬೋರ್ ಮತ್ತು ರನ್ನರ್ ವಿಸ್ತೀರ್ಣದ ಅನುಪಾತದಿಂದ ಗುಣಿಸಿದರೆ ರನ್ನರಿನಲ್ಲಿ ಗಾಳಿ ಎಷ್ಟು ವೇಗದಲ್ಲಿ ಹೋಗುತ್ತದೆ ಅಂತ ಸಿಗುತ್ತದೆ. ರನ್ನರ್ 36 ಮಿ.ಮೀ. ಇದ್ದರೆ ಸುಮಾರು 69 ಮೀಟರ್, 34 ಇದ್ದರೆ 77. ಪವರ್ ಹೆಚ್ಚು ಬೇಕಾದ ಆರ್‌ಪಿಎಂನಲ್ಲಿ 70ರಿಂದ 80 ಇದ್ದರೆ ಒಳ್ಳೆಯದು. 44 ಮಿ.ಮೀ. ರನ್ನರಿನಲ್ಲಿ ಅದು 46ಕ್ಕೆ ಬೀಳುತ್ತದೆ. ಹೆದ್ದಾರಿಯಲ್ಲಿ ನೀವು ಹೋಗುವ 3,000ದಲ್ಲಂತೂ 21. ಗಾಳಿಗೆ ವೇಗ ಇಲ್ಲದಿದ್ದರೆ ತೂಕದ ಬಲ ಇರುವುದಿಲ್ಲ. ಪಿಸ್ಟನ್ ಮೇಲೇರಲು ಶುರು ಮಾಡಿದ ತಕ್ಷಣ ಅದು ಹಿಂದಕ್ಕೆ ತಿರುಗುತ್ತದೆ. ಪೆಟ್ರೋಲ್ ಹನಿಗಳೂ ಗೋಡೆಗೆ ಅಂಟಿಕೊಳ್ಳುತ್ತವೆ. ಟ್ರಾಫಿಕ್‌ನಲ್ಲಿ ಕಾರು ಜಗ್ಗಿ ಜಗ್ಗಿ ಓಡುವುದು ಇದರಿಂದಲೇ. ಆ ಮ್ಯಾನಿಫೋಲ್ಡ್ ಕೆಟ್ಟದ್ದು ಅಂತಲ್ಲ. ಎರಡು ಲೀಟರ್ ಇಂಜಿನ್ನಿಗೆ ಅಥವಾ ಟರ್ಬೊ ಹಾಕಿದ್ದಕ್ಕೆ ಅದು ಹೊಂದಬಹುದು. ನಿಮ್ಮದಕ್ಕಲ್ಲ.

ಬೈಕ್ ಥ್ರಾಟಲ್ ಬಾಡಿ ಬಗ್ಗೆ ನನಗೆ ಪ್ರೀತಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ನಾಲ್ಕು ಸಿಲಿಂಡರಿಗೆ ನಾಲ್ಕು ಚಿಟ್ಟೆಗಳು (ಗಾಳಿದಾರಿ ತೆರೆದು ಮುಚ್ಚುವ ತಟ್ಟೆಗಳು), ಪೆಡಲ್ ಮುಟ್ಟಿದ ಕೂಡಲೇ ಸ್ಪಂದಿಸುವ ಇಂಜಿನ್, ಆ ಸದ್ದು. 600 ಸಿಸಿ ಬೈಕುಗಳಲ್ಲಿ ಅವು 38ರಿಂದ 41 ಮಿ.ಮೀ. ಇರುತ್ತವೆ, ನಿಮ್ಮ ಇಂಜಿನ್ನಿಗೆ ತೀರಾ ದೊಡ್ಡದೂ ಅಲ್ಲ. ಆದರೆ ಬೈಕಿನ ಸಿಲಿಂಡರ್ ಅಂತರ ಬೇರೆ, ನಿಮ್ಮದು ಬೇರೆ. ಕತ್ತರಿಸಿ ದೂರ ದೂರ ಕೂರಿಸಿ, ನಡುವಿನ ಲಿಂಕೇಜ್ ಹೊಸದಾಗಿ ಮಾಡಿ, ನಾಲ್ಕೂ ಒಂದೇ ಸಮ ತೆರೆಯುವಂತೆ ವ್ಯಾಕ್ಯೂಮ್ ಗೇಜಿನಲ್ಲಿ ಹೊಂದಿಸಬೇಕು. ಪ್ಲೀನಮ್ ಇಲ್ಲದ ಕಾರಣ ಮ್ಯಾಪ್ ಸಿಗ್ನಲ್ ಕುಣಿಯುತ್ತದೆ. ಇಸಿಯು ಮ್ಯಾಪಿಂಗನ್ನು (ಯಾವಾಗ ಎಷ್ಟು ಪೆಟ್ರೋಲ್ ಅನ್ನುವ ಪಟ್ಟಿಯನ್ನು) ಥ್ರಾಟಲ್ ಎಷ್ಟು ತೆರೆದಿದೆ ಅನ್ನುವುದರ ಮೇಲೆ ಮತ್ತೆ ಮೊದಲಿಂದ ಮಾಡಬೇಕು. ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಬೇಕಲ್ಲ? ನಾಲ್ಕೂ ರನ್ನರಿನಿಂದ ಸಣ್ಣ ಪೈಪ್ ಎಳೆದು ಒಂದು ಡಬ್ಬಿಗೆ ಸೇರಿಸಿ, ಒನ್‌ವೇ ವಾಲ್ವ್ ಹಾಕಿ ಅಲ್ಲಿಂದ ಕೊಡಬೇಕು. ಇದರಲ್ಲಿ ಎಡವಟ್ಟಾದರೆ ಬ್ರೇಕ್ ಕಲ್ಲಿನಂತಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ಧೂಳು. ನಮ್ಮದು ಒಣ ಸೀಮೆ. ಬೇಸಿಗೆಯಲ್ಲಿ ಚಿತ್ರದುರ್ಗದ ಗಾಳಿ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಭೀಮಸಮುದ್ರದ ಕಡೆಯ ಅದಿರು ಲಾರಿಗಳ ಹಿಂದೆ ಸ್ವಲ್ಪ ದೂರ ಹೋದರೂ ಸಾಕು, ಗಾಜಿನ ಮೇಲೆ ಕೆಂಪು ಪದರ ಕೂರುತ್ತದೆ. ಫೋಟೊಗಳಲ್ಲಿ ಚೆಂದ ಕಾಣುವ, ಫಿಲ್ಟರ್ ಇಲ್ಲದ ಆ ಕಹಳೆಯಂಥ ಗಾಳಿಬಾಯಿಗಳನ್ನು ಈ ರಸ್ತೆಯಲ್ಲಿ ಓಡಿಸಿದರೆ ರಿಂಗ್, ಬೋರ್ ಎರಡೂ ಬೇಗ ಸವೆಯುತ್ತವೆ. ಫಿಲ್ಟರ್ ಹಾಕಲೇಬೇಕು. ನಾಲ್ಕಕ್ಕೂ ಸೇರಿ ಒಂದು ಗಾಳಿಪೆಟ್ಟಿಗೆ ಮಾಡಿ ದೊಡ್ಡ ಪೇಪರ್ ಫಿಲ್ಟರ್ ಹಾಕುವುದು ಸರಿಯಾದ ದಾರಿ. ಅಷ್ಟು ಜಾಗ ಎಸ್ಟೀಮಿನ ಬಾನೆಟ್ ಕೆಳಗೆ ಸಿಗುತ್ತದಾ ಅಂತ ಮೊದಲು ರಟ್ಟಿನ ಡಬ್ಬಿ ಇಟ್ಟು ನೋಡಿ. ಇದೇ ಕಾರನ್ನು ಮುಂದೊಂದು ದಿನ ಟ್ರ್ಯಾಕಿಗೆ ಮಾತ್ರ ಅಂತ ಇಟ್ಟುಕೊಂಡರೆ, ಆಗ ಬನ್ನಿ, ಬೈಕ್ ಥ್ರಾಟಲ್ ಬಗ್ಗೆ ಬೇರೆಯೇ ಮಾತಾಡೋಣ.

ಹಾಗಾದರೆ ನಿಮಗೆ ಏನು? ಮೊದಲ ಹೆಜ್ಜೆ ಕಂಪನಿ ಮ್ಯಾನಿಫೋಲ್ಡನ್ನೇ ಸರಿ ಮಾಡುವುದು. ಬಿಚ್ಚಿ, ಹೊಸ ಗ್ಯಾಸ್ಕೆಟ್ ಇಟ್ಟು, ರನ್ನರ್ ಬಾಯಿ ಮತ್ತು ಹೆಡ್ ಬಾಯಿ ಒಂದಕ್ಕೊಂದು ಕೂಡುತ್ತವಾ ನೋಡಿ. ಎರಕದಲ್ಲಿ ಒಂದೆರಡು ಮಿಲಿಮೀಟರ್ ಆಚೀಚೆ ಇರುವುದು ಮಾಮೂಲು. ರನ್ನರ್ ಬಾಯಿ ಹೆಡ್ ಬಾಯಿಗಿಂತ ದೊಡ್ಡದಿದ್ದರೆ ಗಾಳಿ ಹೋಗಿ ಮೆಟ್ಟಿಲಿಗೆ ಡಿಕ್ಕಿ ಹೊಡೆಯುತ್ತದೆ, ಅದನ್ನು ತೆಗೆಯಲೇಬೇಕು. ರನ್ನರ್ ಬಾಯಿ ಒಂದು ಕೂದಲು ಚಿಕ್ಕದಿದ್ದರೆ ಬಿಡಿ, ತೊಂದರೆ ಇಲ್ಲ, ಹಿಂದಕ್ಕೆ ಬರುವ ಗಾಳಿಯನ್ನು ಅದು ತಡೆಯುತ್ತದೆ. ಒಳಗೆಲ್ಲ ಕನ್ನಡಿ ತರಹ ಪಾಲಿಶ್ ಮಾಡಿಸಬೇಡಿ. 80 ನಂಬರ್ ಎಮರಿಯ ಒರಟು ಸಾಕು. ಇದಕ್ಕೆ ದುಡ್ಡು ಜಾಸ್ತಿ ಬೇಡ, ಸಮಾಧಾನ ಬೇಕು. ಸಿಗುವುದು ಕೆಲವೇ ಎಚ್‌ಪಿ, ಆದರೆ ಕೆಳಗಿನ ಪಿಕಪ್ ಕಳೆದುಕೊಳ್ಳುವುದಿಲ್ಲ.

ಇದರ ಜೊತೆಗೇ ಗಾಳಿ ಎಲ್ಲಿಂದ ಎಳೆಯುತ್ತಿದ್ದೀರಿ ನೋಡಿ. ನಿಮ್ಮ ಪ್ರಶ್ನೆಯಲ್ಲಿ ಇದು ಇಲ್ಲ, ಆದರೆ ನನಗೆ ಇದೇ ಮುಖ್ಯ ಅನಿಸುತ್ತದೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ 1.225 ಕೆ.ಜಿ. ತೂಗುತ್ತದೆ. ಏಪ್ರಿಲ್ ಮಧ್ಯಾಹ್ನ 40 ಡಿಗ್ರಿಯ ದಾವಣಗೆರೆಯಲ್ಲಿ ಅದು ಹತ್ತಿರ ಹತ್ತಿರ 1.05 ಕೆ.ಜಿ. ಶೇ. 14ರಷ್ಟು ಗಾಳಿ ಊರಿನ ಎತ್ತರಕ್ಕೆ, ಬಿಸಿಲಿಗೆ ಹೋಯಿತು. ಅದಕ್ಕೆ ನಾವೇನೂ ಮಾಡಲಾಗುವುದಿಲ್ಲ. ಆದರೆ ತೆರೆದ ಕೋನ್ ಫಿಲ್ಟರ್ ಬಾನೆಟ್ ಒಳಗೇ ಇಟ್ಟಿದ್ದರೆ ಅದು ಎಳೆಯುವುದು ರೇಡಿಯೇಟರ್, ಹೆಡ್ಡರ್ ಕಾಯಿಸಿದ 65 ಡಿಗ್ರಿ ಗಾಳಿಯನ್ನು. ಇನ್ನೂ ಶೇ. 7 ಹೋಯಿತು! ಹೆಡ್‌ಲೈಟ್ ಹಿಂದಿನಿಂದ ಹೊರಗಿನ ಗಾಳಿ ತರುವ ಪೈಪ್, ಫಿಲ್ಟರ್ ಸುತ್ತ ಮುಚ್ಚಿದ ಡಬ್ಬಿ, ಹೆಡ್ಡರ್ ಮೇಲೆ ಶೀಲ್ಡ್, ಇಷ್ಟು ಮಾಡಿಸಿ. ಕಂಪನಿಯ ಹಳೇ ಫಿಲ್ಟರ್ ಡಬ್ಬಿ ಬಿಸಾಕಿಲ್ಲದಿದ್ದರೆ ಅದನ್ನೇ ವಾಪಸ್ ಹಾಕಿ, ತಪ್ಪೇನಿಲ್ಲ. ಪೈಪಿನ ಬಾಯಿ ಬಂಪರ್ ಕೆಳಗೆ ಇಳಿಸಬೇಡಿ. ಮಳೆಗಾಲದಲ್ಲಿ ರೈಲ್ವೆ ಅಂಡರ್‌ಪಾಸಿನ ನೀರು ಒಳಗೆ ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಇಷ್ಟಾದ ಮೇಲೂ ಹೊಸ ಮ್ಯಾನಿಫೋಲ್ಡ್ ಬೇಕೇ ಬೇಕು ಅಂದರೆ ಹರಿಹರವೇ ಸರಿ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ತಯಾರಿಸುತ್ತಿದ್ದ ಊರು ಅದು. ಕಾರ್ಖಾನೆ ಮುಚ್ಚಿದರೂ ಕೈಚಳಕ ಪೂರ್ತಿ ಹೋಗಿಲ್ಲ. ಆದರೆ ಒಳ್ಳೆ ಲೇತ್ ಕೆಲಸ ಬಲ್ಲವರಿಗೆಲ್ಲ ಇಂಜಿನ್ ಗಾಳಿಯ ಲೆಕ್ಕ ಗೊತ್ತಿರಬೇಕು ಅಂತಿಲ್ಲ. ಅಳತೆ ನೀವು ಕೊಡಬೇಕು, ಬರೆದು ಕೊಡಬೇಕು.

ಕೊಡುವ ಅಳತೆ ಇಷ್ಟು. ಮೈಲ್ಡ್ ಕ್ಯಾಮಿಗೆ ಟಾರ್ಕ್ 5,000ದ ಹತ್ತಿರ ಇರಲಿ ಅಂದರೆ ಒಟ್ಟು ಉದ್ದ 393 ಮಿ.ಮೀ. ಹೆಡ್ ಪೋರ್ಟ್ 90 ಕಳೆದರೆ ರನ್ನರ್ 300. ನಿಮ್ಮ ಹೆಡ್ಡಿನಲ್ಲಿ ಪೋರ್ಟ್ ನಿಜವಾಗಿ ಎಷ್ಟಿದೆ ಅಂತ ತಂತಿ ಬಗ್ಗಿಸಿ ನಡುಗೆರೆಯಲ್ಲಿ ಅಳೆದುಕೊಳ್ಳಿ. ಒಳಗಿನ ಅಗಲ 36 ಮಿ.ಮೀ., ಹೆಡ್ ಕಡೆ ಸ್ವಲ್ಪ ಕಿರಿದಾಗುತ್ತಾ ಬರಲಿ. ಪ್ಲೀನಮ್ ಇಂಜಿನ್ ಅಳತೆಯಷ್ಟೇ ಅಥವಾ ಅದರ ಒಂದೂವರೆಯಷ್ಟು, ಅಂದರೆ 1.3ರಿಂದ 2 ಲೀಟರ್. ನೀರು ತುಂಬಿ ಅಳೆಯಬಹುದು.

ರನ್ನರ್ ಪ್ಲೀನಮ್ ಒಳಗೆ ತೆರೆಯುವ ಬಾಯಿಯಲ್ಲೇ ಹೆಚ್ಚಿನವರು ಸೋಲುವುದು. ಪೈಪನ್ನು ಚೂಪಾಗಿ ಕತ್ತರಿಸಿ ತಗಡಿಗೆ ಬೆಸುಗೆ ಹಾಕಿಬಿಡುತ್ತಾರೆ. ಗಾಳಿ ಆ ಅಂಚಿನಲ್ಲಿ ತಿರುಗಲಾಗದೆ ಸುಳಿ ಏಳುತ್ತದೆ, 36 ಮಿ.ಮೀ. ಪೈಪ್ 32ರ ಹಾಗೆ ನಡೆದುಕೊಳ್ಳುತ್ತದೆ. ಬಾಯಿ ಘಂಟೆಯ ಅಂಚಿನಂತೆ ಅರಳಿರಬೇಕು, ಕನಿಷ್ಠ 9 ಮಿ.ಮೀ. ತ್ರಿಜ್ಯದ ದುಂಡು. ಇದು ಲೇತಿನ ಕೆಲಸ, ಹರಿಹರದವರಿಗೆ ಇದೇನು ಮಹಾ? ಎದುರಿನ ಗೋಡೆ ಆ ಬಾಯಿಯಿಂದ ಒಂದು ರನ್ನರ್ ಅಗಲಕ್ಕಿಂತ ಹತ್ತಿರ ಬರಬಾರದು.

ಫ್ಲ್ಯಾಂಜ್ (ಹೆಡ್ಡಿಗೆ ಬೋಲ್ಟ್ ಆಗುವ ಪಟ್ಟಿ) 12 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಲೇಟಿನದ್ದು ಇರಲಿ. ಬೆಸುಗೆ ಟಿಗ್ ವೆಲ್ಡಿಂಗಿನಲ್ಲೇ ಆಗಬೇಕು. ಬೆಸುಗೆ ಹಾಕುವಾಗ ಫ್ಲ್ಯಾಂಜನ್ನು ದಪ್ಪ ಕಬ್ಬಿಣದ ಪ್ಲೇಟಿಗೆ ಬೋಲ್ಟ್ ಮಾಡಿಟ್ಟಿರಬೇಕು, ಆದರೂ ಅದು ಸ್ವಲ್ಪ ಸೊಟ್ಟಗಾಗಿಯೇ ಆಗುತ್ತದೆ. ಹಾಗಾಗಿ ಎಲ್ಲಾ ಬೆಸುಗೆ ಮುಗಿದ ಮೇಲೆ ಮಿಲ್ಲಿಂಗಿನಲ್ಲಿ ಮುಖ ಸವರಿಸಬೇಕು. ನೇರಪಟ್ಟಿ ಇಟ್ಟು 0.1 ಮಿ.ಮೀ. ಫೀಲರ್ ಗೇಜ್ ತೂರಿಸಿ ನೋಡಿ. ತೂರಿದರೆ ವಾಪಸ್ ಕೊಡಿ. ಸಿಲಿಕಾನ್ ಪೇಸ್ಟ್ ಹಚ್ಚಿ ಸುಮ್ನೆ ಮುಚ್ಚಿಬಿಡಿ ಅಂದರೆ ಒಪ್ಪಬೇಡಿ.

ಇಂಜೆಕ್ಟರ್ ಕೂರುವ ಜಾಗ ಮತ್ತು ಕೋನವನ್ನು ಹೊಸದಾಗಿ ಕೊರೆಯುವುದು ಕಷ್ಟದ ಕೆಲಸ. ಪೆಟ್ರೋಲ್ ಸೀದಾ ವಾಲ್ವಿನ ಬೆನ್ನಿಗೆ ಬೀಳಬೇಕು, ಓ-ರಿಂಗ್ ಸೋರಬಾರದು. ಗುಜರಿಯಲ್ಲಿ ಇನ್ನೊಂದು ಎಸ್ಟೀಮ್ ಮ್ಯಾನಿಫೋಲ್ಡ್ ಹುಡುಕಿ, ಇಂಜೆಕ್ಟರ್ ಇರುವ ಕೆಳಭಾಗವನ್ನು ಹಾಗೇ ಉಳಿಸಿಕೊಂಡು, ಅದರ ಮೇಲೆ ಹೊಸ ರನ್ನರ್ ಬೆಸೆಯುವುದು ನನಗೆ ಹಿಡಿಸುವ ದಾರಿ. ಹಳೆ ಎರಕ ಎಣ್ಣೆ ಕುಡಿದಿರುತ್ತದೆ. ಚೆನ್ನಾಗಿ ತೊಳೆದು ಕಾಯಿಸದಿದ್ದರೆ ಬೆಸುಗೆಯಲ್ಲಿ ತೂತು ಬೀಳುತ್ತವೆ. ನಿಮ್ಮ ಓಡುವ ಕಾರಿನ ಮ್ಯಾನಿಫೋಲ್ಡನ್ನು ಮಾತ್ರ ಕತ್ತರಿಸಬೇಡಿ, ಅದು ವಾಪಸ್ ಬರುವ ದಾರಿ.

ಬ್ರೇಕ್ ಬೂಸ್ಟರ್, ಮ್ಯಾಪ್ ಸೆನ್ಸರ್, ಐಡಲ್ ವಾಲ್ವ್, ಪಿಸಿವಿ (ಇಂಜಿನ್ ಒಳಗಿನ ಆವಿ ಎಳೆಯುವ) ಪೈಪ್, ಗಾಳಿಯ ಬಿಸಿ ಅಳೆಯುವ ಸೆನ್ಸರ್, ಇವಕ್ಕೆಲ್ಲ ತೂತು ಮೊದಲೇ ಬರೆದುಕೊಡಿ. ಕೆಳಗೊಂದು ಆಸರೆ ಬ್ರ್ಯಾಕೆಟ್ ಇರಲಿ, ಇಲ್ಲದಿದ್ದರೆ ನಡುಗಿ ನಡುಗಿ ಬೆಸುಗೆ ಬಿರಿಯುತ್ತದೆ. ಹಾಕುವ ಮುಂಚೆ ಬಿಸಿ ಸೋಪಿನ ನೀರಿನಲ್ಲಿ ಮೂರು ನಾಲ್ಕು ಸಲ ತೊಳೆಯಿರಿ. ಒಳಗೆ ಉಳಿದ ಒಂದು ಅಲ್ಯೂಮಿನಿಯಂ ಚೂರು ವಾಲ್ವ್ ಸೀಟ್ ಹಾಳುಮಾಡಲು ಸಾಕು. ಹಾಕಿದ ಮೇಲೆ, ಒಳಗೆ ಹೊಗೆ ಬಿಟ್ಟು ಸೋರಿಕೆ ನೋಡುವ ಸ್ಮೋಕ್ ಟೆಸ್ಟ್ ಮಾಡಿಸಿ.

ಮತ್ತೆ ಮ್ಯಾಪಿಂಗ್ ಆಗದೆ ಗಾಡಿಯನ್ನು ಜೋರಾಗಿ ಓಡಿಸಬೇಡಿ. ಗಾಳಿ ತುಂಬುವ ರೀತಿ ಎಲ್ಲಾ ಆರ್‌ಪಿಎಂನಲ್ಲೂ ಬದಲಾಗಿರುತ್ತದೆ. ಹಳೆ ಮ್ಯಾಪಿನಲ್ಲಿ ಪೆಟ್ರೋಲ್ ಕಡಿಮೆ ಬಿದ್ದರೆ ಪಿಸ್ಟನ್ನಿಗೆ ಅಪಾಯ. ಈಗ ಬಂಕಿನಲ್ಲಿ ಬರುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಅದಕ್ಕೆ ಗಾಳಿಯ ಹೋಲಿಕೆಯಲ್ಲಿ ಇಂಧನ ಜಾಸ್ತಿ ಬೇಕು. ಒಂದು ಭಾಗ ಶುದ್ಧ ಪೆಟ್ರೋಲಿಗೆ 14.7 ಭಾಗ ಗಾಳಿ ಅನ್ನುವ ಅಂಕಿ ಅಲ್ಲಿ ಸುಮಾರು 13.5ಕ್ಕೆ ಇಳಿಯುತ್ತದೆ. ಟ್ಯೂನರ್ ಹತ್ತಿರ ಲ್ಯಾಂಬ್ಡಾ (ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ ಎಷ್ಟು) ಲೆಕ್ಕದಲ್ಲೇ ಮಾತಾಡಿ, ಗೊಂದಲ ಇರುವುದಿಲ್ಲ. ಪೂರ್ತಿ ಥ್ರಾಟಲಿನಲ್ಲಿ 0.86ರಿಂದ 0.90 ಇದ್ದರೆ ಸಾಕು. ಇಂಜಿನ್ ಶಕ್ತಿ ಅಳೆಯುವ ಡೈನೋಗೆ ಹೋಗುವುದಾದರೆ ಹಳೆಯದು, ಹೊಸದು ಎರಡೂ ಮ್ಯಾನಿಫೋಲ್ಡ್ ಒಯ್ದು ಒಂದೇ ದಿನ, ಒಂದೇ ಡೈನೋದಲ್ಲಿ ಅಳೆಯಿರಿ. ನೋಡಬೇಕಾದದ್ದು ತುದಿಯ ಅಂಕಿ ಅಲ್ಲ. 3,000ದಿಂದ 6,500ರ ತನಕ ಎರಡು ಗೆರೆಗಳಲ್ಲಿ ಯಾವುದು ಎಷ್ಟು ಹೊತ್ತು ಮೇಲಿದೆ ಅನ್ನುವುದು.

ಕಾನೂನಿನ ಮಾತು ಚುಟುಕಾಗಿ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂಥ ಬದಲಾವಣೆಗೆ ಅಡ್ಡ ಬರುತ್ತದೆ. 2019ರ ತಿದ್ದುಪಡಿ ಆದ ಮೇಲೆ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ ಆಗಬಹುದು. ಇನ್ಶೂರೆನ್ಸ್‌ನವರಿಗೂ ಹೇಳದೆ ಮಾಡಿದರೆ ಕ್ಲೇಮ್ ಹೊತ್ತಿನಲ್ಲಿ ತಕರಾರು ಬರುತ್ತದೆ. ರಸ್ತೆಯಲ್ಲಿ ಓಡುವ ಕಾರಿಗೆ ಕಂಪನಿ ಮ್ಯಾನಿಫೋಲ್ಡನ್ನೇ ಚೊಕ್ಕ ಮಾಡಿ ಇಟ್ಟುಕೊಳ್ಳಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಇನ್ನು ಕೂಲೆಂಟ್ ಪೈಪ್. ಅದು ಇರುವುದು ಚಳಿ ಸೀಮೆಯಲ್ಲಿ ಥ್ರಾಟಲ್ ಒಳಗೆ ಹಿಮ ಕಟ್ಟದಿರಲಿ ಅಂತ. ದಾವಣಗೆರೆಯಲ್ಲಿ ಆ ಭಯ ಇಲ್ಲ, ಬೈಪಾಸ್ ಮಾಡಬಹುದು. ಎರಡೂ ತುದಿ ಸೇರಿಸಲು ಹಿತ್ತಾಳೆಯ ಜೋಡಣೆ ಹಾಕಿ, ಪ್ಲಾಸ್ಟಿಕ್ಕಿನದ್ದು ಬೇಡ. ಕ್ಲಿಪ್ ಹೊಸದಿರಲಿ, ಕೂಲೆಂಟ್ ತುಂಬಿದ ಮೇಲೆ ಗಾಳಿ ತೆಗೆಯಿರಿ. ಕೆಲವು ಕಾರುಗಳಲ್ಲಿ ಐಡಲ್ ವಾಲ್ವ್ ಇದೇ ಬಿಸಿ ನೀರು ನೋಡಿಕೊಂಡು ಕೆಲಸ ಮಾಡುತ್ತದೆ. ಬೈಪಾಸ್ ಮಾಡಿದ ಮೇಲೆ ಇಂಜಿನ್ ಬಿಸಿಯಾದರೂ ಐಡಲ್ 1,500ರಲ್ಲೇ ನಿಂತರೆ ನಿಮ್ಮದು ಆ ಬಗೆಯದು. ಆಗ ಪೈಪ್ ಇದ್ದಲ್ಲೇ ವಾಪಸ್ ಹಾಕಿಬಿಡಿ.